ಫ್ಯೂಸ್ ಇತ್ತು ಸ್ವಾಮಿ, ಆದರೆ ಎಲ್ಲಿತ್ತು?

ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಈ ಸಲ ಊರಿಗೆ ಹೋಗಿ ಬಂದ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಮಲ್ಪೆಯಲ್ಲಿ ನನ್ನ ಭಾವನ ಬೋಟಿನಲ್ಲಿ ಒಂದು ಕತ್ತಿ ಇದೆ. ಹಗ್ಗ ಕಡಿಯುವ ಮಾಮೂಲಿ ಕತ್ತಿ. ಅದರ ಬಾಯಿಯಲ್ಲಿ ಕಾಲು ಇಂಚಿನಷ್ಟು ದೊಡ್ಡ ಕಚ್ಚು ಬಿದ್ದಿದೆ. ಕಲ್ಲಿಗೆ ತಾಗಿ ಆದದ್ದಲ್ಲ, ಕಬ್ಬಿಣ ಕರಗಿ ಆದದ್ದು. ಹೋದ ವರ್ಷ ಆಳಸಮುದ್ರಕ್ಕೆ ಹೋಗಿ ಐದನೇ ರಾತ್ರಿ, ಇಂಜಿನ್ ಕೋಣೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತಂತೆ. ತಂಡೇಲರು ಇಳಿದು ನೋಡಿದರೆ ಬ್ಯಾಟರಿಯಿಂದ ಹೊರಟ ಕೆಂಪು ಕೇಬಲ್ಲು ಹೊಗೆಯಾಡುತ್ತಿದೆ, ಅದರ ಮೇಲಿನ ರಬ್ಬರು ಮೇಣದ ಹಾಗೆ ತೊಟ್ಟಿಕ್ಕುತ್ತಿದೆ. ಆಫ್ ಮಾಡೋಣ ಅಂದರೆ ಸ್ವಿಚ್ಚೇ ಇಲ್ಲ. ಟರ್ಮಿನಲ್ ಬಿಚ್ಚೋಣ ಅಂದರೆ ಸ್ಪ್ಯಾನರ್ ಎಲ್ಲೋ. ಕೈಗೆ ಸಿಕ್ಕ ಕತ್ತಿ ತೆಗೆದು ಒಂದೇ ಏಟಿಗೆ ಕೇಬಲ್ ಕಡಿದರು. ಅವರ ಸಮಯಪ್ರಜ್ಞೆಗೆ ದೊಡ್ಡ ನಮಸ್ಕಾರ. ಯಾರಿಗೂ ಏನೂ ಆಗಲಿಲ್ಲ, ಕತ್ತಿಗೆ ಆಯಿತು ಅಷ್ಟೆ.

ಆ ಕೇಬಲ್ ಯಾವುದಕ್ಕೆ ಅಂದುಕೊಂಡಿರಿ? ಇಂಜಿನ್ನಿಗಲ್ಲ, ಜಿಪಿಎಸ್‌ಗೂ ಅಲ್ಲ. ಹಾಡು ಕೇಳುವ ಆಂಪ್ಲಿಫೈಯರಿಗೆ!

ಇರಲಿ, ನನಗೆ ಸಿಟ್ಟು ಬಂದದ್ದು ಬೆಂಕಿಯ ವಿಷಯಕ್ಕಲ್ಲ. ಆಮೇಲೆ ಬಂದರಿನಲ್ಲಿ ಎಲ್ಲರೂ ಸೇರಿ ತೀರ್ಮಾನಿಸಿದ ಮಾತಿಗೆ. ಈ ಜುಲೈನಲ್ಲಿ ಬೋಟು ದಡದಲ್ಲಿದ್ದಾಗ ಹೊಸ ಆಂಪ್ಲಿಫೈಯರ್ ಕೂರಿಸಲು ಕಾರ್ ಡೆಕೋರ್ ಅಂಗಡಿಯ ಹುಡುಗ ಬಂದಿದ್ದ. ಫ್ಯೂಸ್ ಎಲ್ಲಿ ಹಾಕ್ತೀಯ ಅಂತ ಕೇಳಿದೆ. "ಫ್ಯೂಸ್ ಎಂತಕ್ಕೆ ಸರ್? ಆಂಪ್ಲಿಫೈಯರಿನಲ್ಲೇ ಎರಡು ಉಂಟಲ್ಲ" ಅಂದ. ಅಷ್ಟರಲ್ಲಿ ಭಾವ ನಡುವೆ ಬಾಯಿ ಹಾಕಿ, "ಹೋದ ಸರ್ತಿ ಫ್ಯೂಸ್ ಇತ್ತು ಮಾರಾಯ. ಹೋಗ್ಲೇ ಇಲ್ಲ ಅದು. ಈಗ್ಲೂ ಹೊಸದರ ಹಾಗೆ ಉಂಟು. ಫ್ಯೂಸ್ ಇದ್ದೂ ಬೆಂಕಿ ಬಂತಲ್ಲ, ಮತ್ತೆ ಅದು ಇದ್ದು ಎಂತ ಪ್ರಯೋಜನ?" ಅಂದರು. (ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ.)

ಸುತ್ತ ನಿಂತವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ನೋಡಿ, ಇದೇ ನನ್ನ ಜಗಳ.

ಫ್ಯೂಸ್ ಇತ್ತು, ನಿಜ. 60 ಆಂಪಿಯರಿನದು. ಎಲ್ಲಿತ್ತು? ವೀಲ್‌ಹೌಸಿನಲ್ಲಿ, ಆಂಪ್ಲಿಫೈಯರಿನ ಪಕ್ಕದಲ್ಲಿ, ಕಾಣಲು ಚೆಂದ ಅಂತ ಸ್ಕ್ರೂ ಹಾಕಿ ಕೂರಿಸಿದ್ದರು. ಬ್ಯಾಟರಿ ಇದ್ದದ್ದು ಕೆಳಗೆ, ಐದು ಮೀಟರ್ ಆಚೆ. ಕೇಬಲ್ ಉಜ್ಜಿ ಹರಿದದ್ದು ಇಂಜಿನ್ ಕೋಣೆಯ ಕಬ್ಬಿಣದ ಗೋಡೆಯ ತೂತಿನಲ್ಲಿ. ಅಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವೆ. ಇದು ಸ್ಟೀಲ್ ಬೋಟು, ಬ್ಯಾಟರಿಯ ನೆಗೆಟಿವ್ ಇಂಜಿನ್ನಿಗೆ ಕಟ್ಟಿದೆ, ಇಂಜಿನ್ ಬೋಟಿಗೆ ತಾಗಿದೆ. ಪಾಸಿಟಿವ್ ತಂತಿ ಗೋಡೆಗೆ ತಾಗಿದ ಕೂಡಲೇ ಕರೆಂಟು ಬ್ಯಾಟರಿಯಿಂದ ಹೊರಟು, ಗೋಡೆಗೆ ಇಳಿದು, ಅಲ್ಲಿಂದಲೇ ವಾಪಸ್ ಬ್ಯಾಟರಿಗೆ. ಮೇಲೆ ಕೂತ ಫ್ಯೂಸಿನ ಮೂಲಕ ಒಂದು ಆಂಪಿಯರ್ ಕೂಡ ಹೆಚ್ಚಾಗಿ ಹಾದಿಲ್ಲ. ಅದು ಯಾಕೆ ಹೋಗಬೇಕು? ಊರಿನ ಆಚೆ ತುದಿಯಲ್ಲಿ ಕಾವಲುಗಾರನನ್ನ ನಿಲ್ಲಿಸಿ, ಈಚೆ ತುದಿಯಲ್ಲಿ ಕಳ್ಳತನವಾದರೆ ಅವನನ್ನ ಬೈದ ಹಾಗಾಯಿತು.

ನಮ್ಮ ಜನರ ತಲೆಯಲ್ಲಿ ಹೇಗೋ ಕೂತುಬಿಟ್ಟಿದೆ, ಫ್ಯೂಸ್ ಅನ್ನೋದು ಆಂಪ್ಲಿಫೈಯರನ್ನ ಕಾಯಲಿಕ್ಕೆ ಅಂತ. ಅಲ್ಲ! ಆಂಪ್ಲಿಫೈಯರಿನ ಮೈಮೇಲೇ ಇರುವ ಆ ಎರಡು ಪುಟ್ಟ ಫ್ಯೂಸುಗಳ ಕೆಲಸ ಬೇರೆ. ಒಳಗಿನ ಟ್ರಾನ್ಸಿಸ್ಟರ್ ಸತ್ತು ಶಾರ್ಟ್ ಆದರೆ ಅವು ಹೋಗುತ್ತವೆ, ಸಂತೋಷ. ಆದರೆ ಕೇಬಲ್ಲಿನ ಫ್ಯೂಸ್ ಇರೋದು ಕೇಬಲ್ಲನ್ನ ಕಾಯಲಿಕ್ಕೆ. ಹಾಗಾಗಿ ಅದು ಕೇಬಲ್ ಶುರುವಾಗುವ ಕಡೆ ಇರಬೇಕು. ಬೋಟುಗಳ ವೈರಿಂಗಿಗೆ ಅಮೆರಿಕದ ಎಬಿವೈಸಿ ಅನ್ನುವ ಸಂಸ್ಥೆಯ ಇ-11 ಅಂತ ಒಂದು ನಿಯಮಾವಳಿ ಇದೆ. ಅದರ ಪ್ರಕಾರ ಬ್ಯಾಟರಿಯಿಂದ ಏಳು ಇಂಚಿನೊಳಗೆ ಫ್ಯೂಸ್ ಬರಬೇಕು. ಬ್ಯಾಟರಿಗೆ ನೇರ ಕಟ್ಟಿದ ತಂತಿಯನ್ನ ಪೂರ್ತಿ ಪೈಪಿನಂಥ ಕವಚದೊಳಗೆ ತಂದರೆ ಮಾತ್ರ 72 ಇಂಚಿನವರೆಗೆ ರಿಯಾಯಿತಿ. ಸ್ಟಾರ್ಟರ್ ಮೋಟಾರಿನ ದಪ್ಪ ಕೇಬಲ್ಲಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅದೊಂದನ್ನೇ ನೋಡಿ ನಮ್ಮವರು "ಇಂಜಿನ್ನಿಗೇ ಫ್ಯೂಸ್ ಇಲ್ಲ, ಹಾಡಿಗೆ ಯಾಕೆ" ಅಂತಾರೆ. ಸ್ಟಾರ್ಟರ್ ಎಳೆಯುವುದು ಕೆಲವೇ ಸೆಕೆಂಡು. ಹಾಡು ರಾತ್ರಿಯಿಡೀ. ಸ್ಟಾರ್ಟರಿನ ಕೇಬಲ್ ಇಂಜಿನ್ ಕೋಣೆ ಬಿಟ್ಟು ಎಲ್ಲೂ ಹೋಗಲ್ಲ. ಹಾಡಿನ ಕೇಬಲ್ ಮಲಗುವ ಬಂಕಿನ ಅಡಿಯಲ್ಲಿ, ಅಡುಗೆಯ ಗ್ಯಾಸ್ ಸಿಲಿಂಡರ್ ಪಕ್ಕದಲ್ಲಿ ಮೆರವಣಿಗೆ ಹೋಗುತ್ತದೆ. ಎರಡೂ ಒಂದೇನಾ?

ಇನ್ನೊಂದು ಮಾತು ಬಂದರಿನಲ್ಲಿ ಸದಾ ಕೇಳುತ್ತೀರಿ: "ಬರೀ ಹನ್ನೆರಡು ವೋಲ್ಟು ಮಾರಾಯ, ಮುಟ್ಟಿದ್ರೆ ಶಾಕೂ ಹೊಡಿಯಲ್ಲ." ಶಾಕ್ ಹೊಡೆಯದ್ದು ನಿಜ. ಈಗ ಒಂದು ಸಣ್ಣ ಲೆಕ್ಕ ಮಾಡಿ. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸು, ಕೇಬಲ್ಲಿನದು, ಗೋಡೆಗೆ ತಾಗಿದ ಜಾಗದ್ದು, ಎಲ್ಲಾ ಸೇರಿ 0.02 ಓಮ್ ಅಂತಿಟ್ಟುಕೊಳ್ಳಿ. ಹನ್ನೆರಡನ್ನ ಅದರಿಂದ ಭಾಗಿಸಿದರೆ 600 ಆಂಪಿಯರ್. ಹನ್ನೆರಡರಿಂದ ಗುಣಿಸಿದರೆ 7,200 ವಾಟ್. ಏಳು ಇಸ್ತ್ರಿಪೆಟ್ಟಿಗೆಗಳನ್ನ ಒಟ್ಟಿಗೆ ಕಾಯಿಸಿ ಬಂಕಿನ ಅಡಿಯಲ್ಲಿ ತಳ್ಳಿ ಮಲಗುತ್ತೀರಾ? 80 ಆಂಪಿಯರಿನ ಫ್ಯೂಸ್ ಬ್ಯಾಟರಿಯ ಬುಡದಲ್ಲಿದ್ದರೆ ಇಷ್ಟು ಕರೆಂಟಿಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಹಾಡು ನಿಲ್ಲುತ್ತದೆ. ಕತ್ತಿ ಹುಡುಕುವ ಕೆಲಸ ಬರಲ್ಲ.

ಫ್ಯೂಸ್ ಎಷ್ಟರದು ಹಾಕೋದು ಅನ್ನುವುದೂ ಒಂದು ದೊಡ್ಡ ಕಾಮಿಡಿ. ಆಂಪ್ಲಿಫೈಯರಿನ ಡಬ್ಬದ ಮೇಲೆ 2000 ವಾಟ್ ಅಂತ ಬೆಂಕಿಯ ಚಿತ್ರದ ಜೊತೆ ಬರೆದಿರುತ್ತದೆ. (ಬೆಂಕಿಯ ಚಿತ್ರ ಮಾತ್ರ ಸತ್ಯ :-) ) ಅದನ್ನ ನೋಡಿ 200 ಆಂಪಿಯರಿನ ಫ್ಯೂಸ್ ತಂದು ಹಾಕುವವರಿದ್ದಾರೆ. ಡಬ್ಬ ಬಿಡಿ, ಆಂಪ್ಲಿಫೈಯರಿನ ಮೈಮೇಲಿನ ಫ್ಯೂಸ್ ನೋಡಿ. 30ರದು ಎರಡು ಇದ್ದರೆ ಒಟ್ಟು 60 ಆಂಪಿಯರ್. 13 ವೋಲ್ಟಿಗೆ ಲೆಕ್ಕ ಹಾಕಿದರೆ ಒಳಗೆ ಹೋಗುವುದೇ 780 ವಾಟ್. ಒಳಗೆ ಹೋಗದ್ದು ಹೊರಗೆ ಹೇಗೆ ಬರುತ್ತದೆ ಅಂತ ಅಂಗಡಿಯವರನ್ನೇ ಕೇಳಿ. ಹಾಗಾಗಿ ಬೇಕಾದದ್ದು 60. ಕೇಬಲ್ ಅದಕ್ಕಿಂತ ಹೆಚ್ಚು ತಡೆಯುವಂಥದ್ದಿರಬೇಕು. ಫ್ಯೂಸ್ ಇವೆರಡರ ನಡುವೆ, 80. ಕೇಬಲ್ ತಡೆಯುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಆಗ ಕೇಬಲ್ಲೇ ಫ್ಯೂಸು! ಇಂಜಿನ್ ಕೋಣೆಯ ಬಿಸಿಯಲ್ಲಿ ಕೇಬಲ್ಲಿನ ಶಕ್ತಿ ಇನ್ನೂ ಕಡಿಮೆ ಅನ್ನೋದೂ ನೆನಪಿರಲಿ.

ಗಾಜಿನ ಕೊಳವೆಯ ಅಗ್ಗದ ಫ್ಯೂಸುಗಳ ಬಗ್ಗೆಯೂ ಒಂದು ಮಾತು. ದೊಡ್ಡ ಬ್ಯಾಟರಿ ಶಾರ್ಟ್ ಆದಾಗ ಬರುವ ಕರೆಂಟನ್ನ ಕಡಿದು ನಿಲ್ಲಿಸುವ ತಾಕತ್ತು ಫ್ಯೂಸಿಗೆ ಇರಬೇಕು, ಇಲ್ಲದಿದ್ದರೆ ಒಳಗಿನ ತಂತಿ ಕರಗಿದರೂ ಕಿಡಿ ಹಾರುತ್ತಲೇ ಇರುತ್ತದೆ. ಒಳ್ಳೆಯ ಕಂಪನಿಯ ಎಎನ್ಎಲ್ ಫ್ಯೂಸಿಗೆ 32 ವೋಲ್ಟಿನಲ್ಲಿ 6,000 ಆಂಪಿಯರ್ ಕಡಿಯುವ ಶಕ್ತಿ ಇದೆ. ಕಾರಿನ ಬಣ್ಣಬಣ್ಣದ ಚಪ್ಪಟೆ ಫ್ಯೂಸಿಗೆ 1,000. ಅದಕ್ಕೇ ಬ್ಯಾಟರಿಯ ಬುಡಕ್ಕೆ ಮೊದಲಿನದು.

ಈಗ ಆ ಡೆಕೋರ್ ಅಂಗಡಿಯ 'ಕಿಟ್' ವಿಷಯಕ್ಕೆ ಬರೋಣ. ಪ್ಲಾಸ್ಟಿಕ್ ಲಕೋಟೆಯಲ್ಲಿ ಕೆಂಪು ಕೇಬಲ್ ಐದು ಮೀಟರ್, ಕಪ್ಪು ಕೇಬಲ್ ಒಂದೇ ಮೀಟರ್. ಯಾಕೆ ಕಪ್ಪು ಗಿಡ್ಡ? ಯಾಕಂದರೆ ಅದು ಕಾರಿಗೆ ಮಾಡಿದ್ದು. ಕಾರಿನಲ್ಲಿ ಬಾಡಿಯೇ ಅರ್ತ್. ಸೀಟಿನ ಅಡಿಯಲ್ಲಿ ಬಣ್ಣ ಕೆರೆದು ಬೋಲ್ಟ್ ಹಾಕಿದರೆ ಆಯಿತು. ಅದೇ ಹುಡುಗ ಅದೇ ಕಿಟ್ ಹಿಡಿದು ಬೋಟಿಗೆ ಬಂದರೆ ಏನು ಮಾಡುತ್ತಾನೆ? ಸ್ಟೀಲ್ ಬೋಟಾದರೆ ಗೋಡೆಗೇ ಬೋಲ್ಟು. ಫೈಬರ್ ಬೋಟಾದರೆ ಫೈಬರಿನಲ್ಲಿ ಕರೆಂಟು ಹರಿಯಲ್ಲ, ಆಗ ಎಲ್ಲೋ ಬಿದ್ದಿದ್ದ ಲೈಟಿನ ಸಣ್ಣ ವೈರನ್ನ ಗಂಟು ಹಾಕಿ ಉದ್ದ ಮಾಡುತ್ತಾನೆ. ಕೆಂಪಿನಲ್ಲಿ ಹೋದ 60 ಆಂಪಿಯರ್ ಆ ಸಣ್ಣ ವೈರಿನಲ್ಲೇ ವಾಪಸ್ ಬರಬೇಕು! ಹೋಗಲಿಕ್ಕೆ ಹೈವೇ, ಬರಲಿಕ್ಕೆ ಗದ್ದೆಯ ಹುಣಿ.

ಸ್ಟೀಲ್ ಬೋಟಿನ ಗೋಡೆಯನ್ನ ವೈರಿನ ಹಾಗೆ ಬಳಸುವುದು ಅದಕ್ಕಿಂತ ದೊಡ್ಡ ತಪ್ಪು. ಉಪ್ಪುನೀರಿನಲ್ಲಿ ನಿಂತ ಕಬ್ಬಿಣದಲ್ಲಿ ಕರೆಂಟು ಅಡ್ಡಾದಿಡ್ಡಿ ಓಡಾಡಿದರೆ ಅದು ಲೋಹವನ್ನ ತಿನ್ನುತ್ತದೆ, ಸುಮ್ಮನೆ ತುಕ್ಕು ಹಿಡಿಯುವುದಕ್ಕಿಂತ ಎಷ್ಟೋ ವೇಗವಾಗಿ. ಭಾವ ಪ್ರತಿ ಮಳೆಗಾಲ ಬೋಟಿನ ಅಡಿಗೆ ಝಿಂಕ್ ಗಟ್ಟಿ ಕಟ್ಟುತ್ತಾರೆ, ದುಬಾರಿ ಪೇಂಟ್ ಹೊಡೆಸುತ್ತಾರೆ. ಆಮೇಲೆ ಒಳಗಿನಿಂದ ಆಂಪ್ಲಿಫೈಯರಿನ ಅರ್ತ್ ಬೋಲ್ಟ್ ಹಾಕಿಸಿ ಅದೇ ಅಡಿಯನ್ನ ತಿನ್ನಿಸುತ್ತಾರೆ. ಬೋಟಿನಲ್ಲಿ ಎರಡೂ ಕೇಬಲ್ ಒಂದೇ ದಪ್ಪ, ಒಂದೇ ಉದ್ದ. ಎರಡೂ ಬ್ಯಾಟರಿಯ ಕಡೆಯಿಂದಲೇ ಬರಬೇಕು. ಇದರಲ್ಲಿ ರಾಜಿ ಇಲ್ಲ.

ಕಪ್ಪು ಕೇಬಲ್ಲಿನ ಜಾಯಿಂಟಿಗೆ ಕಿಲುಬು ಹಿಡಿದು ಸಡಿಲಾದರೆ ಆಗುವ ಇನ್ನೊಂದು ಪ್ರಹಸನ ಇದೆ. ಆಂಪ್ಲಿಫೈಯರಿನ ಕರೆಂಟು ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಸಿಗುವುದು ಸ್ಟೀರಿಯೋದಿಂದ ಬಂದ ಆಡಿಯೋ ವೈರಿನ ಮೇಲಿನ ತೆಳು ಜಾಲರಿ. ಅದು ಕೆಂಪಗಾಗಿ ಸ್ಟೀರಿಯೋ ಒಳಗೆ ಸುಟ್ಟುಹೋಗುತ್ತದೆ. "ಲೋ ಕ್ವಾಲಿಟಿ ಸೆಟ್ಟು, ಹೊಸದು ತೆಗೊಳ್ಳಿ" ಅನ್ನುತ್ತಾರೆ ಅಂಗಡಿಯವರು. ತೆಗೊಳ್ಳುತ್ತಾರೆ ಇವರು.

ಕಿಟ್ಟಿನ ಕೇಬಲ್ಲೂ ಮೋಸವೇ. ಬ್ಲೇಡಿನಿಂದ ಒಂದು ಎಳೆಯನ್ನ ಕೆರೆದು ನೋಡಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ. ಹೊರಗೆ ಬಿಳಿ, ಒಳಗೆ ಕೆಂಪು ಕಂಡರೆ ತವರದ ಲೇಪ ಹಾಕಿದ ತಾಮ್ರ, ಬೋಟಿಗೆ ಬೇಕಾದದ್ದು ಅದೇ. ಅಲ್ಯೂಮಿನಿಯಂ ತಾಮ್ರದ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟೇ ಕರೆಂಟನ್ನ ಸಲೀಸಾಗಿ ಬಿಡುತ್ತದೆ, ಉಪ್ಪುಗಾಳಿಗೆ ಒಳಗೊಳಗೇ ಬಿಳಿ ಪುಡಿಯಾಗುತ್ತದೆ. ಹೊರಗಿನ ಸಿಪ್ಪೆ ಮಾತ್ರ ಹೆಬ್ಬೆರಳು ದಪ್ಪ, ಹೊಳಪು ಬೇರೆ.

ಎಷ್ಟು ದಪ್ಪ ಬೇಕು ಅಂತ ಕೇಳುವವರಿಗೆ ನಮ್ಮ ಬೋಟಿನ ಲೆಕ್ಕ ಹೇಳುತ್ತೇನೆ. ದೂರ ಐದು ಮೀಟರ್, ಹೋಗಿ ಬಂದು ಹತ್ತು. 60 ಆಂಪಿಯರ್ ಹರಿದಾಗ 10 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಸುಮಾರು ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 16ರಲ್ಲಿ 0.65. 25ರಲ್ಲಿ 0.4. ನಾವು 25 ಹಾಕಿಸಿದೆವು. "ಫ್ಯೂಸ್ ಹಾಕಿದ್ರೆ ಬಾಸ್ ಕಡಿಮೆ ಆಗ್ತದೆ" ಅಂತ ಗೊಣಗುವ ಪಂಡಿತರೆಲ್ಲ ಸಣ್ಣ ಕೇಬಲ್ಲಿನಲ್ಲಿ ಒಂದು ವೋಲ್ಟ್ ಕಳಕೊಂಡವರೇ. ಬಾಸ್ ಹೋದದ್ದು ಅಲ್ಲಿ ಮಾರಾಯ್ರೇ, ಫ್ಯೂಸಿನಲ್ಲಿ ಅಲ್ಲ.

ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಫ್ಯೂಸ್ ಎಲ್ಲವನ್ನೂ ತಡೆಯಲ್ಲ. ಸಡಿಲವಾದ ಒಂದು ಜಾಯಿಂಟ್ ತಗೊಳ್ಳಿ. ಅದರಲ್ಲಿ 0.05 ಓಮ್ ಇದೆ, 50 ಆಂಪಿಯರ್ ಹರಿಯುತ್ತಿದೆ. ಆ ಒಂದು ಜಾಯಿಂಟಿನಲ್ಲೇ 125 ವಾಟ್ ಬಿಸಿ. ಐದು ಸೋಲ್ಡರಿಂಗ್ ಐರನ್ ಒಂದೇ ಜಾಗಕ್ಕೆ ಒತ್ತಿ ಹಿಡಿದ ಹಾಗೆ. ಫ್ಯೂಸಿಗೆ ಇದು ಗೊತ್ತೇ ಆಗಲ್ಲ, ಅದರ ಲೆಕ್ಕದಲ್ಲಿ 50 ಆಂಪಿಯರ್ ಮಾಮೂಲಿ. ಅದಕ್ಕೇ ಗಂಟು ಹಾಕಿ ಇನ್ಸುಲೇಷನ್ ಟೇಪ್ ಸುತ್ತುವ ಕೆಲಸ ಬೋಟಿನಲ್ಲಿ ಬೇಡವೇ ಬೇಡ. ಸರಿಯಾದ ಲಗ್, ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಮೇಲೆ ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ. ಸುತ್ತಿಗೆಯಲ್ಲಿ ಜಜ್ಜಿದ ಲಗ್ ಕ್ರಿಂಪ್ ಅಲ್ಲ. ಕಬ್ಬಿಣದ ಗೋಡೆಯ ತೂತಿಗೆ ರಬ್ಬರ್ ಬುಷ್. ಹೋದ ವರ್ಷ ಆ ಒಂದು ಬುಷ್ ಇದ್ದಿದ್ದರೆ ಕೇಬಲ್ ಹರಿಯುತ್ತಲೇ ಇರಲಿಲ್ಲ.

ಇನ್ನು ಬ್ಯಾಟರಿ. ಭಾವನ ಬೋಟಿನಲ್ಲಿ ಸ್ಟಾರ್ಟರ್ 24 ವೋಲ್ಟಿನದು, 12ರ ಎರಡು ಬ್ಯಾಟರಿ ಸಾಲಾಗಿ. ಆಂಪ್ಲಿಫೈಯರಿಗೆ 12 ಸಾಕು. ಸರಿ, ಒಂದೇ ಬ್ಯಾಟರಿಯಿಂದ ಎಳೆದುಬಿಟ್ಟಿದ್ದರು! ಹಾಡಿಗೆ ದುಡಿಯುವ ಬ್ಯಾಟರಿ ಸದಾ ಹಸಿದಿರುತ್ತದೆ, ದುಡಿಯದ ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಎರಡೂ ಹಾಳು. ವರ್ಷ ವರ್ಷ ಬ್ಯಾಟರಿ ಬದಲಾಯಿಸುತ್ತಾ ಬ್ಯಾಟರಿ ಕಂಪನಿಯನ್ನ ಬೈಯುತ್ತಿದ್ದರು. ಅದಕ್ಕಿಂತ ಮುಖ್ಯ ಇನ್ನೊಂದು. ರಾತ್ರಿ ಇಂಜಿನ್ ನಿಲ್ಲಿಸಿ ಹಾಡು ಹಾಕಿ, ಸರಾಸರಿ 20 ಆಂಪಿಯರ್ ಎಳೆದರೆ 150 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ಗಂಟೆಯೊಳಗೆ ಅರ್ಧ ಖಾಲಿ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ? ಕಾರಾದರೆ ನಾಲ್ಕು ಜನ ತಳ್ಳುತ್ತಾರೆ. ಹಾಡಿಗೆ ಬೇರೆ ಬ್ಯಾಟರಿ, ಅದನ್ನ ಪೂರ್ತಿ ಕಡಿಯುವ ದೊಡ್ಡ ಸ್ವಿಚ್ಚು. ಅದಾಗದಿದ್ದರೆ ಎರಡೂ ಬ್ಯಾಟರಿಯಿಂದ ಸಮನಾಗಿ ಎಳೆಯುವ, 24ನ್ನ 12 ಮಾಡುವ ಕನ್ವರ್ಟರ್ ಹಾಕಿ, ಇಂಜಿನ್ ಓಡುವಾಗ ಮಾತ್ರ ಹಾಡು ಕೇಳಿ.

ಇಷ್ಟು ಓದಿದವರು, ಈ ಮನುಷ್ಯನಿಗೆ ಹಾಡೇ ಇಷ್ಟವಿಲ್ಲ, ಬೆಂಗಳೂರಲ್ಲಿ ಏಸಿಯಲ್ಲಿ ಕೂತು ಮಾತಾಡ್ತಾನೆ ಅನ್ನಬಹುದು. ಬಂದರಿನಲ್ಲಿ ಒಬ್ಬರು ಮುಖಕ್ಕೇ ಅಂದರು. ಇಲ್ಲ ಸ್ವಾಮಿ. ಎಂಟು ಹತ್ತು ದಿನ ನೀರು ಬಿಟ್ಟರೆ ಬೇರೇನೂ ಕಾಣದ ಕಡೆ, ಎರಡು ಗಂಟೆ ನಿದ್ದೆ ಮಾಡಿ ಎದ್ದು ಮತ್ತೆ ಬಲೆ ಎಳೆಯುವವರಿಗೆ ಹಾಡು ಬೇಕು. ಜೋರಾಗಿಯೇ ಬೇಕು, ಇಂಜಿನ್ ಸದ್ದಿನ ಮೇಲೆ ಕೇಳಬೇಕಲ್ಲ. ಸ್ಪೀಕರಿನ ಅಯಸ್ಕಾಂತವನ್ನ ದಿಕ್ಸೂಚಿಯ ಪಕ್ಕ ಇಡಬೇಡಿ, ವಿಎಚ್‌ಎಫ್ ರೇಡಿಯೋದ ಕರೆ ಕೇಳಿಸುವಷ್ಟು ಜಾಗ ಬಿಡಿ, ಅಷ್ಟೇ ನನ್ನ ತಕರಾರು. ನನ್ನ ಜಗಳ ಹಾಡಿನ ಮೇಲಲ್ಲ. ಬೋಟಿಗೆ ಲಕ್ಷಗಟ್ಟಲೆ ಸುರಿದು, ಮೀನು ಹುಡುಕುವ ಯಂತ್ರಕ್ಕೆ ಕೇಳಿದಷ್ಟು ಕೊಟ್ಟು, ಫ್ಯೂಸ್ ಹೋಲ್ಡರಿನ ಬೆಲೆ ಬಂದಾಗ ಚೌಕಾಸಿಗೆ ಕೂರುವ ಬುದ್ಧಿಯ ಮೇಲೆ. "ಇಪ್ಪತ್ತು ವರ್ಷದಿಂದ ಹೀಗೇ ಮಾಡಿದ್ದು, ಏನೂ ಆಗಿಲ್ಲ" ಅನ್ನುವ ಮಾತಿನ ಮೇಲೆ. ಇಪ್ಪತ್ತು ವರ್ಷದ ಹಿಂದೆ ಇದ್ದದ್ದು ಎರಡು ಆಂಪಿಯರ್ ಎಳೆಯುವ ಕ್ಯಾಸೆಟ್ ಪ್ಲೇಯರ್. ಅದೇ ಅಭ್ಯಾಸದಲ್ಲಿ ಈಗ 60 ಆಂಪಿಯರ್ ಕಟ್ಟುತ್ತಿದ್ದೀರಿ. ಮತ್ತೆ, ರಸ್ತೆಯಲ್ಲಿ ಕಾರಿಗೆ ಬೆಂಕಿ ಬಿದ್ದರೆ ಬಾಗಿಲು ತೆಗೆದು ಇಳಿದು ಓಡಬಹುದು. ಅಲ್ಲಿ ಇಳಿದು ಎಲ್ಲಿಗೆ ಓಡುತ್ತೀರಿ?

ಆ ಹುಡುಗನ ಮೇಲೆ ನನಗೆ ಅಂಥ ಸಿಟ್ಟಿಲ್ಲ, ನಿಜ ಹೇಳಬೇಕೆಂದರೆ. ಅವನಿಗೆ ಕಲಿಸಿದ್ದು ಕಾರು. ಕತ್ತಿಯ ಕಚ್ಚು ತೋರಿಸಿ, ಕೂತು, ಕಾಗದದ ಮೇಲೆ ಚಿತ್ರ ಬರೆದು ಹೇಳಿದಾಗ ಹತ್ತೇ ನಿಮಿಷದಲ್ಲಿ ಅರ್ಥ ಮಾಡಿಕೊಂಡ. "ಇದನ್ನ ಯಾರೂ ಹೇಳ್ಲೇ ಇಲ್ಲ ಸರ್" ಅಂದ. ತಿಳಿದೂ ಗಿಡ್ಡ ಕಪ್ಪು ಕೇಬಲ್ಲಿನ ಕಿಟ್ಟನ್ನ ಬೋಟಿನವರಿಗೆ ಮಾರುವವರ ಮೇಲೆ, ಹೇಳಿದರೂ ಕೇಳದ ಮಾಲೀಕರ ಮೇಲೆ ಸಿಟ್ಟು. ಅದರಲ್ಲಿ ನಮ್ಮ ಭಾವನೂ ಒಬ್ಬರು, ಅಕ್ಕ ಇದನ್ನ ಓದಿ ಅವರಿಗೆ ಹೇಳಿದರೂ ಪರವಾಗಿಲ್ಲ.

ಕೊನೆಗೆ ಕೆಲಸ ಆಯಿತು ಅನ್ನಿ. ಎರಡು ದಿನ ಹಿಡಿಯಿತು. ಹಾಡಿಗೆ ಬೇರೆ ಬ್ಯಾಟರಿ, ಅದರ ಬುಡದಲ್ಲಿ 80ರ ಫ್ಯೂಸ್, ಪಕ್ಕದಲ್ಲಿ ಸ್ವಿಚ್. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟು ಹೊರಟಿತು. ಮೊದಲ ಟ್ರಿಪ್ ಮುಗಿಸಿ ಬಂದ ಭಾವ ಫೋನ್ ಮಾಡಿದ್ದರು. ಮೀನಿನ ಸುದ್ದಿ, ಡೀಸೆಲ್ ರೇಟಿನ ಸುದ್ದಿ ಎಲ್ಲಾ ಆದ ಮೇಲೆ, "ಅಲ್ಲ ಮಾರಾಯ, ಆ ಫ್ಯೂಸ್ ಏನಾದ್ರೂ ಹೋದ್ರೆ ಅದಕ್ಕೆ ತಂತಿ ಸುತ್ತಬಹುದಾ?" ಅಂತ ಕೇಳಿದರು.

ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ 80ರದ್ದೇ ಎರಡು ಫ್ಯೂಸ್ ಟೇಪ್ ಹಾಕಿ ಅಂಟಿಸಿ ಬಂದಿದ್ದೇನೆ ಭಾವ, ಅದನ್ನ ಹಾಕಿ ಅಂದೆ.